ಹ್ಯಾಂಡ್‌ಹೆಲ್ಡ್ ಜಿಪಿಎಸ್: ನಕ್ಷೆಗೆ ಎಷ್ಟು ಮೆಮೊರಿ ಇದ್ದರೆ ಸಾಕು? ಕೊಪ್ಪಳ, ಬಳ್ಳಾರಿ, ರಾಯಚೂರು ಸೀಮೆಯ ಕ್ಷೇತ್ರಕಾರ್ಯಕ್ಕೆ ಸಲಹೆ ಬೇಕು

ಮೋರೇರ ಮನೆ (ಗಂಗಾವತಿ)

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದೇನೆ. ಹಿರೇಬೆಣಕಲ್ ಗುಡ್ಡದ ಶಿಲಾಸಮಾಧಿಗಳು, ಸುತ್ತಲಿನ ಬಂಡೆಚಿತ್ರಗಳು, ಬೂದಿದಿಬ್ಬಗಳು, ಹೊಲದ ಬದುಗಳಲ್ಲಿ ಒರಗಿ ನಿಂತಿರುವ ಶಾಸನಕಲ್ಲುಗಳು ಮತ್ತು ವೀರಗಲ್ಲುಗಳು ಎಲ್ಲೆಲ್ಲಿವೆ ಎಂಬುದನ್ನು ಅಕ್ಷಾಂಶ ರೇಖಾಂಶಗಳ ಸಹಿತ ದಾಖಲಿಸಿಡುವ ಕೆಲಸವನ್ನು ನಾವು ಕೆಲವರು ರಜಾದಿನಗಳಲ್ಲಿ ಮಾಡುತ್ತಿದ್ದೇವೆ. ಇದುವರೆಗೆ ಮೊಬೈಲಿನಲ್ಲೇ ಕೆಲಸ ಸಾಗಿಸಿದೆವು. ಬೇಸಿಗೆಯಲ್ಲಿ ಮಧ್ಯಾಹ್ನವಾಗುವಷ್ಟರಲ್ಲಿ ಬ್ಯಾಟರಿ ಮುಗಿಯುತ್ತದೆ, ನೆತ್ತಿಯ ಬಿಸಿಲಿನಲ್ಲಿ ಪರದೆಯ ಮೇಲೆ ಏನೂ ಕಾಣಿಸುವುದಿಲ್ಲ. ಆದ್ದರಿಂದ ಎಲ್ಲರೂ ಹಣ ಕೂಡಿಸಿ ಒಂದು ಹ್ಯಾಂಡ್‌ಹೆಲ್ಡ್ ಜಿಪಿಎಸ್ ಕೊಳ್ಳಲು ನಿಶ್ಚಯಿಸಿದ್ದೇವೆ.

ತೊಡಕಾಗಿರುವುದು ಮೆಮೊರಿಯ ವಿಷಯ. 16 ಜಿಬಿಗಿಂತ ಕಡಿಮೆಯಿದ್ದರೆ ನಕ್ಷೆ ಹಿಡಿಸುವುದಿಲ್ಲವೆಂದು ಒಬ್ಬ ವ್ಯಾಪಾರಿ ಹೇಳುತ್ತಾರೆ. ಇನ್ನೊಬ್ಬರು ಗಾರ್ಮಿನ್ ಇ-ಟ್ರೆಕ್ಸ್ 10 ಸಾಕು, ಉಳಿದದ್ದೆಲ್ಲ ದುಂದು ಎನ್ನುತ್ತಾರೆ. ನಮಗೆ ಬೇಕಾಗಿರುವುದು ಮುಖ್ಯವಾಗಿ ಕೊಪ್ಪಳ ಜಿಲ್ಲೆ. ಆಗಾಗ ಮಸ್ಕಿ, ಸಂಗನಕಲ್ಲು, ತೆಕ್ಕಲಕೋಟೆಗಳ ಕಡೆಗೂ ಹೋಗುತ್ತೇವೆ. ಹಳ್ಳಿಯ ದಾರಿ, ಹಳ್ಳಕೊಳ್ಳ, ಕೆರೆ, ಗುಡ್ಡದ ಎತ್ತರ ತೋರಿಸುವ ಕಂಟೂರ್ ರೇಖೆ ಇಷ್ಟು ಕಾಣಿಸಿದರೆ ಸಾಕು. ಸಾಧ್ಯವಾದರೆ ಸರ್ವೇಕ್ಷಣ ಇಲಾಖೆಯ ವಿವರವಾದ ನಕ್ಷೆಯ ಹಾಳೆ, ಅಂದರೆ ಟೋಪೋಶೀಟೂ ಇರಲಿ ಎಂಬ ಆಸೆ ಇದೆ. ಇದಕ್ಕೆ ನಿಜವಾಗಿ ಎಷ್ಟು ಮೆಮೊರಿ ಬೇಕಾಗುತ್ತದೆ ಎಂಬುದನ್ನು ಬಲ್ಲವರು ಲೆಕ್ಕ ಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಸಂಡೂರು ಸಾಲು (ಬಳ್ಳಾರಿ)

ಗುರುಗಳೇ, ನಮಸ್ಕಾರ. ಗಣಿ ಸಮೀಕ್ಷೆಯ ಕೆಲಸದಲ್ಲಿ ಈ ಯಂತ್ರಗಳನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇ-ಟ್ರೆಕ್ಸ್ 10 ನಿಮ್ಮ ಕೆಲಸಕ್ಕೆ ಆಗುವುದಿಲ್ಲ. ಅದರ ಪರದೆ ಕಪ್ಪುಬಿಳುಪಿನದು, ಮೆಮೊರಿ ಕಾರ್ಡ್ ಹಾಕುವ ಕಿಂಡಿ ಇಲ್ಲ, ವಿವರವಾದ ನಕ್ಷೆಯನ್ನು ತುಂಬುವ ವ್ಯವಸ್ಥೆಯೂ ಇಲ್ಲ. 2023ರಲ್ಲಿ ಬಂದ ಇ-ಟ್ರೆಕ್ಸ್ ಎಸ್‌ಇ ಎರಡು ಪೆನ್ಸಿಲ್ ಸೆಲ್‌ಗಳಲ್ಲಿ 168 ಗಂಟೆ ನಡೆಯುತ್ತದೆಂದು ಕಂಪನಿ ಹೇಳುತ್ತದೆ. ಆದರೆ ಅದರಲ್ಲಿಯೂ ನಕ್ಷೆ ಇಲ್ಲ. ಬಿಂದು ಗುರುತಿಸಿ ಬರುವುದಷ್ಟೇ ಕೆಲಸವಾಗಿದ್ದರೆ ಅದು ಒಳ್ಳೆಯ ಆಯ್ಕೆ. ಹಳ್ಳದ ಆಚೆ ದಾರಿ ಇದೆಯೇ ಎಂದು ನೋಡಬೇಕಾದವರಿಗೆ ಸಲ್ಲದು.

ನಕ್ಷೆ ಹಿಡಿಯುವ ಮಾದರಿಗಳಲ್ಲಿ ಒಳಮೆಮೊರಿ ವರ್ಷದಿಂದ ವರ್ಷಕ್ಕೆ ಬೆಳೆದಿದೆ. ಇ-ಟ್ರೆಕ್ಸ್ 20ರಲ್ಲಿ 1.7 ಜಿಬಿ ಇತ್ತು, 20ಎಕ್ಸ್‌ನಲ್ಲಿ 3.7 ಜಿಬಿ ಆಯಿತು. 2019ರ 22ಎಕ್ಸ್ ಮತ್ತು 32ಎಕ್ಸ್‌ಗಳಲ್ಲಿ 8 ಜಿಬಿ ಇದೆ. ಜಿಪಿಎಸ್‌ಮ್ಯಾಪ್ 65, 66ಎಸ್, 67ಗಳಲ್ಲಿ 16 ಜಿಬಿ. ಈ ಎಲ್ಲವುಗಳಲ್ಲಿಯೂ ಮೈಕ್ರೋಎಸ್‌ಡಿ ಕಾರ್ಡ್ ಹಾಕಬಹುದು. ಕಾರ್ಡಿನ ಕಿಂಡಿ ಇರುವ ಯಂತ್ರದಲ್ಲಿ ಒಳಮೆಮೊರಿ ಎಷ್ಟೆಂಬುದು ಎರಡನೆಯ ಮಾತು. 22ಎಕ್ಸ್ 32 ಜಿಬಿವರೆಗಿನ ಕಾರ್ಡನ್ನು ಒಪ್ಪಿಕೊಳ್ಳುತ್ತದೆ. ಕಾರ್ಡನ್ನು ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿರಬೇಕು. ಆ ಮಾದರಿಯಲ್ಲಿ ಒಂದೊಂದು ಕಡತವೂ 4 ಜಿಬಿಯನ್ನು ಮೀರುವಂತಿಲ್ಲ ಎಂಬುದೊಂದು ನೆನಪಿರಲಿ.

ಈಗ ನಿಮ್ಮ ಪ್ರದೇಶದ ಲೆಕ್ಕ. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಜಿಲ್ಲೆಗಳು 14ರಿಂದ 17 ಡಿಗ್ರಿ ಉತ್ತರ ಅಕ್ಷಾಂಶ, 75ರಿಂದ 78 ಡಿಗ್ರಿ ಪೂರ್ವ ರೇಖಾಂಶಗಳ ನಡುವೆ ಕುಳಿತಿವೆ. ಅಂದರೆ ಒಂದು ಡಿಗ್ರಿಯ ಚೌಕಗಳು ಹೆಚ್ಚೆಂದರೆ ಒಂಬತ್ತು. ಕಂಟೂರ್ ರೇಖೆಗಳಿಗೆ ಆಧಾರವಾಗುವುದು 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆಯಿಂದ ರೇಡಾರ್ ಮೂಲಕ ನಡೆಸಿದ ಎಸ್‌ಆರ್‌ಟಿಎಂ ಎತ್ತರದ ಸಮೀಕ್ಷೆ. ಅದರ ಸೂಕ್ಷ್ಮ ಆವೃತ್ತಿಯಲ್ಲಿ ಸುಮಾರು 30 ಮೀಟರಿಗೊಂದು ಎತ್ತರದ ಅಂಕಿ ಇದ್ದು, ಒಂದು ಡಿಗ್ರಿ ಚೌಕಕ್ಕೆ 3601 ಸಾಲು, ಸಾಲಿಗೆ 3601 ಅಂಕಿ, ಅಂಕಿಗೆ ಎರಡು ಬೈಟ್. ಒಟ್ಟು ಸುಮಾರು 26 ಎಂಬಿ. ಒಂಬತ್ತು ಚೌಕಗಳಿಗೆ 233 ಎಂಬಿ. ಮೂರು ಜಿಲ್ಲೆಗಳ ಎಲ್ಲ ಗುಡ್ಡಗಳ ಎತ್ತರದ ಮೂಲ ಮಾಹಿತಿಯೇ ಇಷ್ಟು. ರಸ್ತೆ, ಹಳ್ಳ, ಕೆರೆ, ಊರುಗಳ ನಕ್ಷೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಪಡೆಯಬಹುದು. ಜಿಯೋಫಾಬ್ರಿಕ್ ಎಂಬ ತಾಣದಲ್ಲಿ ಭಾರತದ ಮಾಹಿತಿಯನ್ನು ವಲಯಗಳಾಗಿ ವಿಂಗಡಿಸಿ ಕೊಡುತ್ತಾರೆ, ದಕ್ಷಿಣ ವಲಯವನ್ನು ಮಾತ್ರ ಇಳಿಸಿಕೊಂಡರೆ ಸಾಕು. ಎಂಕೆಜಿಮ್ಯಾಪ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಗಾರ್ಮಿನ್ ಓದುವ ರೂಪಕ್ಕೆ ತಿರುಗಿಸಬಹುದು. ಇಡೀ ದಕ್ಷಿಣ ಭಾರತವನ್ನು ಹಾಕಿಕೊಂಡರೂ 8 ಜಿಬಿಯಲ್ಲಿ ಜಾಗ ಉಳಿಯುತ್ತದೆ.

ಆದ್ದರಿಂದ ನಕ್ಷೆ ಹಿಡಿಸುವುದಿಲ್ಲವೆಂಬ ಕಾರಣಕ್ಕೆ 16 ಜಿಬಿಯ ಯಂತ್ರಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಪೆಟ್ಟಿಗೆಯ ಮೇಲೆ ಬರೆದ 8 ಜಿಬಿ ಪೂರ್ತಿ ನಿಮ್ಮದಲ್ಲ. ಕಾರ್ಖಾನೆಯಲ್ಲೇ ತುಂಬಿ ಕಳುಹಿಸಿದ ನಕ್ಷೆ ಅದರಲ್ಲಿ ಕುಳಿತಿರುತ್ತದೆ. ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ತರಿಸಿದರೆ ಉತ್ತರ ಅಮೆರಿಕದ ನಕ್ಷೆ ತುಂಬಿಕೊಂಡು ಬರುತ್ತದೆ, ನಮಗೆ ಅದರಿಂದ ಏನೂ ಪ್ರಯೋಜನವಿಲ್ಲ. ಅದನ್ನು ಕಂಪ್ಯೂಟರಿಗೆ ಪ್ರತಿ ಮಾಡಿಟ್ಟುಕೊಂಡು ಯಂತ್ರದಿಂದ ತೆಗೆಯಬಹುದು. ಆದರೆ ನಮ್ಮ ನಕ್ಷೆಗಳನ್ನು ಕಾರ್ಡಿನಲ್ಲೇ ಇಟ್ಟು ಒಳಮೆಮೊರಿಯನ್ನು ಮುಟ್ಟದಿರುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಎಡೆದೊರೆ (ರಾಯಚೂರು)

ಮೇಲಿನ ಲೆಕ್ಕ ಸರಿಯಾಗಿದೆ. ನಾನು ಭೂಗೋಳ ಬೋಧಿಸುವವಳು, ವಿದ್ಯಾರ್ಥಿಗಳನ್ನು ಕ್ಷೇತ್ರಕ್ಕೆ ಕರೆದೊಯ್ಯುವಾಗ ಮೊಬೈಲ್ ಮತ್ತು ಇ-ಟ್ರೆಕ್ಸ್ ಎರಡನ್ನೂ ಬಳಸುತ್ತೇನೆ. ಗುರುಗಳು ಮೊಬೈಲನ್ನು ಪೂರ್ತಿ ಬಿಡದಿರಲಿ ಎಂದು ವಿನಂತಿ. ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್ಯಾಂಡ್ ಆ್ಯಪ್‌ನಲ್ಲಿ ಕರ್ನಾಟಕದ ನಕ್ಷೆಯನ್ನು ಒಮ್ಮೆ ಇಳಿಸಿಟ್ಟುಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಸರ್ವೆ ನಂಬರ್ ತಿಳಿಯಬೇಕಾದಾಗ ರಾಜ್ಯದ ದಿಶಾಂಕ್ ಆ್ಯಪ್ ಅನಿವಾರ್ಯ, ಶಾಸನ ಯಾರ ಹೊಲದಲ್ಲಿದೆ ಎಂಬುದನ್ನು ದಾಖಲೆಯಲ್ಲಿ ಬರೆಯಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಆ ಮಾಹಿತಿಯನ್ನು ಜಿಪಿಎಸ್ ಯಂತ್ರಕ್ಕೆ ತುಂಬಲು ಬರುವುದಿಲ್ಲ.

ಆದರೆ ನಮ್ಮ ಬಿಸಿಲಿಗೆ ಮೊಬೈಲ್ ತಾಳುವುದಿಲ್ಲ ಎಂಬುದೂ ನಿಜ. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಇ-ಟ್ರೆಕ್ಸ್‌ನ ಪರದೆ ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುವ ಜಾತಿಯದು, ಹಿಂಬದಿಯ ಬೆಳಕನ್ನು ಆರಿಸಿಯೇ ಓದಬಹುದು. 22ಎಕ್ಸ್ ಎರಡು ಪೆನ್ಸಿಲ್ ಸೆಲ್‌ಗಳಲ್ಲಿ 25 ಗಂಟೆ ನಡೆಯುತ್ತದೆ. ಪೆನ್ಸಿಲ್ ಸೆಲ್ ಕನಕಗಿರಿಯ ಸಂತೆಯಲ್ಲೂ ಸಿಗುತ್ತದೆ. ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನು ಹಾಕಿದರೆ ಸೆಟ್ಟಿಂಗ್‌ನಲ್ಲಿ ಸೆಲ್ಲಿನ ಬಗೆಯನ್ನೂ ಬದಲಿಸಿ. ಇಲ್ಲದಿದ್ದರೆ ಉಳಿದ ಚಾರ್ಜನ್ನು ಯಂತ್ರ ತಪ್ಪಾಗಿ ತೋರಿಸುತ್ತದೆ.

ಮೋರೇರ ಮನೆ (ಗಂಗಾವತಿ)

ಇಬ್ಬರಿಗೂ ಅನಂತ ಧನ್ಯವಾದಗಳು. ಮೇಡಂ, ದಿಶಾಂಕ್ ನಾವೂ ಬಳಸುತ್ತೇವೆ, ಅದನ್ನು ಬಿಡುವ ಮಾತಿಲ್ಲ.

ಸಂಡೂರಿನ ಸರ್, ಟೋಪೋಶೀಟಿನ ವಿಷಯ ಉಳಿಯಿತು. ಭಾರತೀಯ ಸರ್ವೇಕ್ಷಣ ಇಲಾಖೆಯ ಓಪನ್ ಸೀರೀಸ್ ನಕ್ಷೆಗಳನ್ನು ಇಳಿಸಿಕೊಂಡಿದ್ದೇವೆ. ಹಳೆಯ ಕಂದಕ, ಪಾಳುಗುಡಿ, ಊರು ಬಿಟ್ಟುಹೋದ ನೆಲೆ ಇವೆಲ್ಲ ಅದರಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗುವುದಿಲ್ಲ. ಅವುಗಳನ್ನು ಯಂತ್ರದಲ್ಲಿ ಹಾಕಿದರೆ ಆಗಲಾದರೂ 8 ಜಿಬಿ ಸಾಲದೆ ಹೋಗಬಹುದೇ?

ಸಂಡೂರು ಸಾಲು (ಬಳ್ಳಾರಿ)

ಗುರುಗಳೇ, ಒಳ್ಳೆಯ ಪ್ರಶ್ನೆ. ಇಲ್ಲಿಯೇ ಅನೇಕರು ಎಡವುವುದು. ಟೋಪೋಶೀಟಿನಂಥ ಚಿತ್ರರೂಪದ ನಕ್ಷೆಗೆ ಅಡ್ಡಿಯಾಗುವುದು ಜಿಬಿ ಅಲ್ಲ, ತುಂಡುಗಳ ಸಂಖ್ಯೆ.

ಗಾರ್ಮಿನ್ ಯಂತ್ರಕ್ಕೆ ನಮ್ಮದೇ ಚಿತ್ರವನ್ನು ಕೊಡುವಾಗ ಕೆಎಂಜೆಡ್ ಕಡತವಾಗಿ, 1024ಕ್ಕೆ 1024 ಪಿಕ್ಸೆಲ್‌ಗಳನ್ನು ಮೀರದ ತುಂಡುಗಳಾಗಿ ಕತ್ತರಿಸಿ ಕೊಡಬೇಕು. ಇ-ಟ್ರೆಕ್ಸ್ 20, 30ರಂಥ ಮಾದರಿಗಳು ಇಂಥ ತುಂಡುಗಳನ್ನು 100ರವರೆಗೆ ಮಾತ್ರ ಓದುತ್ತವೆ. ಓರೆಗಾನ್ 600ರ ಸಾಲಿನವು 500ರವರೆಗೆ ಓದುತ್ತವೆ. ಕೊಳ್ಳುವ ಮಾದರಿಯ ಕೈಪಿಡಿಯಲ್ಲಿ ಈ ಸಂಖ್ಯೆಯನ್ನು ತಪ್ಪದೆ ನೋಡಿ. ಮಿತಿ ದಾಟಿದರೆ ಕಾರ್ಡಿನಲ್ಲಿ ಎಷ್ಟೇ ಜಾಗವಿದ್ದರೂ ಉಳಿದ ತುಂಡುಗಳು ಪರದೆಗೆ ಬರುವುದಿಲ್ಲ.

100ರ ಮಿತಿಯಲ್ಲಿ ಎಷ್ಟು ಹಿಡಿಯುತ್ತದೆಂದು ನೋಡೋಣ. 1:50,000 ಪ್ರಮಾಣದ ಒಂದು ಶೀಟು 15 ಮಿನಿಟು ಅಕ್ಷಾಂಶ, 15 ಮಿನಿಟು ರೇಖಾಂಶದಷ್ಟು ಅಗಲವಾಗಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ಅದು ತೆಂಕಣ ಬಡಗಣ 27.7 ಕಿಲೋಮೀಟರ್, ಮೂಡಣ ಪಡುವಣ ಸುಮಾರು 26.8 ಕಿಲೋಮೀಟರ್. ಒಂದು ಪಿಕ್ಸೆಲಿಗೆ 5 ಮೀಟರಿನಂತೆ ಇಟ್ಟರೆ ಶೀಟಿನ ಸಣ್ಣ ಅಕ್ಷರಗಳೂ ಓದಿಸಿಕೊಳ್ಳುತ್ತವೆ. ಆಗ ಒಂದು ತುಂಡು 5.12 ಕಿಲೋಮೀಟರ್ ಅಗಲ ಬರುತ್ತದೆ, ಉದ್ದಕ್ಕೆ ಆರು, ಅಡ್ಡಕ್ಕೆ ಆರು, ಒಟ್ಟು 36 ತುಂಡು. ಎರಡು ಶೀಟಿಗೆ 72, ಮೂರನೆಯದನ್ನು ಸೇರಿಸಿದರೆ 108. ಎರಡೇ ಶೀಟಿಗೆ ನಿಂತುಹೋಯಿತು.

ಆದರೆ ಶೀಟುಗಳನ್ನು ಮೊದಲು ಒಂದಕ್ಕೊಂದು ಜೋಡಿಸಿ, ಅನಂತರ ಕತ್ತರಿಸಿದರೆ ಅಂಚಿನಲ್ಲಿ ಹಾಳಾಗುವ ಅರೆತುಂಡುಗಳು ಕಡಿಮೆಯಾಗುತ್ತವೆ. ಹಳೆಯ ಸಂಖ್ಯಾಕ್ರಮದಲ್ಲಿ ಕೊಪ್ಪಳ 57ಎ/3ರಲ್ಲಿದೆ. ಹೊಸಪೇಟೆ, ಹಂಪಿ, ಆನೆಗೊಂದಿ, ನಿಮ್ಮ ಹಿರೇಬೆಣಕಲ್ ಎಲ್ಲವೂ 57ಎ/7ರಲ್ಲಿ, ಗಂಗಾವತಿ 57ಎ/11ರಲ್ಲಿ. ಮೂರೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಇರುವ ಶೀಟುಗಳು. ಜೋಡಿಸಿದಾಗ ಅಗಲ ಸುಮಾರು 80.5 ಕಿಲೋಮೀಟರ್ ಆಗಿ 16 ತುಂಡು ಬೇಕಾಗುತ್ತದೆ; ಎತ್ತರಕ್ಕೆ ಆರರಂತೆ 96. ಹೀಗೆ ಮೂರೂ ಶೀಟುಗಳು 100ರೊಳಗೆ ಕೂರುತ್ತವೆ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಣೆಯ ಕೆಲಸ ಆಗುತ್ತದೆ. ಇನ್ನೂ ಹೆಚ್ಚು ಪ್ರದೇಶ ಬೇಕೆಂದರೆ ಪಿಕ್ಸೆಲಿಗೆ 8 ಮೀಟರ್ ಇಟ್ಟುಕೊಳ್ಳಿ, ಶೀಟಿಗೆ 16 ತುಂಡಿನಂತೆ ಆರು ಶೀಟುಗಳು ಹಿಡಿಯುತ್ತವೆ. ಆದರೆ ಸಣ್ಣಕ್ಷರಗಳು ಮಸುಕಾಗುತ್ತವೆ. ನಾನಾದರೆ ಮಾಡುವುದು ಬೇರೆ: ಸೀಮೆಗೊಂದರಂತೆ ಕೆಎಂಜೆಡ್ ಕಡತಗಳನ್ನು ಕಂಪ್ಯೂಟರಿನಲ್ಲಿ ಸಿದ್ಧವಾಗಿಟ್ಟುಕೊಂಡು, ಹೊರಡುವ ಹಿಂದಿನ ರಾತ್ರಿ ಬೇಕಾದುದನ್ನು ಮಾತ್ರ ಯಂತ್ರಕ್ಕೆ ಹಾಕಿಕೊಳ್ಳುತ್ತೇನೆ. ಮಸ್ಕಿಗೆ ಹೋಗುವಾಗ 57ಎ/9 ಸಾಕು, ಸಂಗನಕಲ್ಲಿಗೆ ಹೋಗುವಾಗ ಬಳ್ಳಾರಿಯ 57ಎ/16 ಸಾಕು.

ಎಲ್ಲ 100 ತುಂಡುಗಳೂ ತಲಾ 3 ಎಂಬಿ ಇದ್ದರೂ ಒಟ್ಟು 300 ಎಂಬಿ ಮೀರುವುದಿಲ್ಲ ಎಂಬುದನ್ನು ಗಮನಿಸಿ. 16 ಜಿಬಿ ಬೇಕೆಂದ ವ್ಯಾಪಾರಿಗೆ ಈ ಲೆಕ್ಕ ತೋರಿಸಬಹುದು.

ದರೋಜಿ ಹಕ್ಕಿ (ಬಳ್ಳಾರಿ)

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಸರ್ ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದರಿಂದ 22ಎಕ್ಸ್ ಸಾಕೆಂಬ ತೀರ್ಮಾನಕ್ಕೆ ಬರುವುದನ್ನು ಒಪ್ಪಲಾರೆ. ನಮ್ಮ ಗುಡ್ಡಗಳ ಸ್ವರೂಪವನ್ನು ನೋಡಿ. ಆನೆಗೊಂದಿ, ದರೋಜಿ, ಹಿರೇಬೆಣಕಲ್ ಎಲ್ಲೆಡೆಯೂ ಆಳೆತ್ತರಕ್ಕೆ ಮಿಗಿಲಾದ ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಕುಳಿತಿವೆ. ಉಪಗ್ರಹದ ಸಂಕೇತ ಬಂಡೆಗೆ ಬಡಿದು ತಿರುಗಿ ಬಂದಾಗ ಯಂತ್ರ ಅದನ್ನೂ ನೇರ ಸಂಕೇತವೆಂದೇ ಎಣಿಸಿ ನೆಲೆಯನ್ನು ತಪ್ಪಾಗಿ ತೋರಿಸುತ್ತದೆ. ಜಿಪಿಎಸ್‌ಮ್ಯಾಪ್ 65 ಎರಡು ತರಂಗಪಟ್ಟಿಗಳನ್ನು, ಅಂದರೆ 1575.42 ಮೆಗಾಹರ್ಟ್ಸ್‌ನ ಎಲ್1 ಮತ್ತು 1176.45 ಮೆಗಾಹರ್ಟ್ಸ್‌ನ ಎಲ್5 ಎರಡನ್ನೂ ಹಿಡಿಯುತ್ತದೆ. ಎಲ್5 ಸಂಕೇತದ ರಚನೆಯಿಂದಾಗಿ ತಿರುಗಿ ಬಂದ ಸಂಕೇತವನ್ನು ಬೇರ್ಪಡಿಸುವುದು ಸುಲಭ. ಒಂದರ ಪಕ್ಕ ಒಂದು ನಿಂತಿರುವ ಶಿಲಾಸಮಾಧಿಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹೆಚ್ಚಿನ ಹಣ ಕೊಡುವುದಾದರೆ ಇದಕ್ಕಾಗಿ ಕೊಡಬೇಕು, 16 ಜಿಬಿ ಜೊತೆಗೆ ಬಂದರೆ ಬರಲಿ.

ಸಂಡೂರು ಸಾಲು (ಬಳ್ಳಾರಿ)

ದರೋಜಿಯವರ ಮಾತಿನಲ್ಲಿ ಹುರುಳಿದೆ, ಹಣ ಇದ್ದರೆ 65 ಖಂಡಿತ ಮೇಲು. ಆದರೆ ಅದೇ ಎರಡು ಸೆಲ್‌ಗಳಲ್ಲಿ ಅದು ನಡೆಯುವುದು 16 ಗಂಟೆ, 22ಎಕ್ಸ್ ನಡೆಯುವುದು 25 ಗಂಟೆ. ನೆಲೆಯ ನಿಖರತೆಯನ್ನು ಕಡಿಮೆ ಖರ್ಚಿನಲ್ಲಿ ಹೆಚ್ಚಿಸಿಕೊಳ್ಳುವ ದಾರಿಗಳೂ ಇವೆ. 22ಎಕ್ಸ್‌ನಲ್ಲಿ ವೇಪಾಯಿಂಟ್ (ಯಂತ್ರದಲ್ಲಿ ಗುರುತಿಸಿಟ್ಟ ಬಿಂದು) ಸರಾಸರಿ ಎಂಬ ಸೌಲಭ್ಯವಿದೆ. ಒಂದೇ ಕಲ್ಲಿನ ಬಳಿ ನಿಂತು ಕೆಲವು ನಿಮಿಷ ಸರಾಸರಿ ತೆಗೆದು, ಒಂದೆರಡು ಗಂಟೆ ಬಿಟ್ಟು ಉಪಗ್ರಹಗಳ ಸ್ಥಾನ ಬದಲಾದ ಮೇಲೆ ಮತ್ತೊಮ್ಮೆ ತೆಗೆದರೆ ಬಂಡೆಗಳ ನಡುವೆಯೂ ಫಲಿತಾಂಶ ಸುಧಾರಿಸುತ್ತದೆ.

ಇನ್ನೊಂದು, ಸೆಟ್ಟಿಂಗ್‌ನಲ್ಲಿ ವಾಸ್/ಇಗ್ನಾಸ್ ಎಂಬ ಆಯ್ಕೆಯನ್ನು ಚಾಲೂ ಇಡಿ. ಅವು ಅಮೆರಿಕ ಮತ್ತು ಯುರೋಪಿನ ತಿದ್ದುಪಡಿ ವ್ಯವಸ್ಥೆಗಳ ಹೆಸರುಗಳು, ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ನಮ್ಮ ಗಗನ್ ಅದೇ ಮಾನದಂಡದಲ್ಲಿ ಕೆಲಸ ಮಾಡುತ್ತದೆ. ಜಿಸ್ಯಾಟ್-8 ಮತ್ತು ಜಿಸ್ಯಾಟ್-10 ಉಪಗ್ರಹಗಳ ಸಂಕೇತಗಳು ಗಾರ್ಮಿನ್ ಪರದೆಯಲ್ಲಿ 40 ಮತ್ತು 41 ಎಂಬ ಸಂಖ್ಯೆಗಳಾಗಿ ಕಾಣುತ್ತವೆ.

ಹೊರದೇಶದಿಂದ ತರಿಸುವವರಿಗೆ ಬಹಳ ಮುಖ್ಯವಾದ ಮಾತೊಂದಿದೆ. ಮಾದರಿಯ ಸಂಖ್ಯೆಯ ಕೊನೆಯಲ್ಲಿ ಐ ಅಕ್ಷರವಿರುವ 66ಐ, 67ಐ, ಮೊಂಟಾನಾ 700ಐ ಯಂತ್ರಗಳನ್ನು ತರಿಸಲೇಬೇಡಿ. ಅವುಗಳಲ್ಲಿ ಇರಿಡಿಯಂ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಇನ್‌ರೀಚ್ ವ್ಯವಸ್ಥೆ ಇರುತ್ತದೆ, ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಸಂಕೇತವನ್ನು ಸ್ವೀಕರಿಸುವುದಷ್ಟೇ ಮಾಡುವ ಸಾಮಾನ್ಯ ಜಿಪಿಎಸ್ ಯಂತ್ರಕ್ಕೆ ಇಂಥ ತೊಡಕಿಲ್ಲ.

ಹಳೇ ಸರಪಳಿ (ಕುಷ್ಟಗಿ)

ನಮ್ಮ ಮನೆಯಲ್ಲಿ ಎರಡು ಹಳೆಯ ಗಾರ್ಮಿನ್‌ಗಳಿವೆ: ಒಂದು ಹಳೆಯ ಇ-ಟ್ರೆಕ್ಸ್ ಲೆಜೆಂಡ್, ಇನ್ನೊಂದು ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್. ಎರಡೂ ನಡೆಯುತ್ತಿವೆ. ಗುರುಗಳ ಗುಂಪಿಗೆ ಉಪಯೋಗವಾಗುವುದಾದರೆ ಕೊಡಲು ಸಿದ್ಧನಿದ್ದೇನೆ. ಹೊಸದನ್ನು ಕೊಳ್ಳುವ ಖರ್ಚು ಉಳಿಯಬಹುದೇ?

ಸಂಡೂರು ಸಾಲು (ಬಳ್ಳಾರಿ)

ನಿಮ್ಮ ಮನಸ್ಸು ದೊಡ್ಡದು, ಸರ್. ಲೆಜೆಂಡ್‌ನಲ್ಲಿ ನಕ್ಷೆಗೆ ಇರುವುದು 8 ಎಂಬಿ ಮಾತ್ರ, ಕಾರ್ಡ್ ಹಾಕಲು ಬರುವುದಿಲ್ಲ, ಕಂಪ್ಯೂಟರಿಗೆ ಜೋಡಿಸಲು ಹಳೆಯ ಸೀರಿಯಲ್ ಕೇಬಲ್ ಬೇಕು. 60ಸಿಎಸ್‌ಎಕ್ಸ್ ಇಂದಿಗೂ ಗಟ್ಟಿ ಯಂತ್ರ. ಮೈಕ್ರೋಎಸ್‌ಡಿ ಕಿಂಡಿ ಇದೆ, ದಿಕ್ಸೂಚಿ ಇದೆ. ಅದರ ಮಿತಿಯೂ ಜಿಬಿಯಲ್ಲಿಲ್ಲ, ನಕ್ಷೆಯ ವಿಭಾಗಗಳ ಸಂಖ್ಯೆಯಲ್ಲಿದೆ. 2025 ವಿಭಾಗಗಳನ್ನು ಮೀರಿದರೆ ಓದುವುದಿಲ್ಲ. ಮೂರು ಜಿಲ್ಲೆಗಳ ನಕ್ಷೆಗೆ ಅಷ್ಟು ವಿಭಾಗಗಳು ಎಂದಿಗೂ ಬೇಕಾಗುವುದಿಲ್ಲ. ಕೆಎಂಜೆಡ್ ಚಿತ್ರಗಳನ್ನು ಮಾತ್ರ ಅದು ಸ್ವೀಕರಿಸುವುದಿಲ್ಲ, ಆದ್ದರಿಂದ ಟೋಪೋಶೀಟಿನ ಆಸೆಯನ್ನು ಬಿಡಬೇಕಾಗುತ್ತದೆ.

ಹಳೆಯ ಯಂತ್ರವನ್ನು ಬಳಸುವ ಮೊದಲು ಅದು ತೋರಿಸುವ ದಿನಾಂಕವನ್ನು ನೋಡಿ. ಜಿಪಿಎಸ್ ವ್ಯವಸ್ಥೆ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. 2019ರ ಏಪ್ರಿಲ್ 6ರಂದು ಹೀಗಾದಾಗಿನಿಂದ ಕೆಲವು ಹಳೆಯ ಯಂತ್ರಗಳು ಸುಮಾರು 19 ವರ್ಷ 7 ತಿಂಗಳು ಹಿಂದಿನ ದಿನಾಂಕ ತೋರಿಸುತ್ತವೆ. ನೆಲೆ ಸರಿಯಾಗಿಯೇ ಬರುತ್ತದೆ. ಆದರೆ ಫೋಟೋದ ಸಮಯವನ್ನು ಟ್ರ್ಯಾಕ್‌ನ (ನಡೆದ ದಾರಿಯ ದಾಖಲೆಯ) ಸಮಯದೊಂದಿಗೆ ಹೊಂದಿಸಿ ಶಾಸನದ ನೆಲೆ ಗುರುತಿಸುವವರಿಗೆ ಅಂಥ ಯಂತ್ರದಿಂದ ಗೊಂದಲವಾಗುತ್ತದೆ.

ಎಡೆದೊರೆ (ರಾಯಚೂರು)

ಮೆಮೊರಿಯ ಇನ್ನೊಂದು ಮುಖವನ್ನು ಯಾರೂ ಹೇಳಲಿಲ್ಲ: ನಾವು ಸಂಗ್ರಹಿಸುವ ಮಾಹಿತಿಯ ಮಿತಿ. 22ಎಕ್ಸ್‌ನಲ್ಲಿ ವೇಪಾಯಿಂಟ್‌ಗಳು 2000, ಉಳಿಸಿಟ್ಟ ಟ್ರ್ಯಾಕ್‌ಗಳು 200, ನಡೆಯುತ್ತಿರುವ ಟ್ರ್ಯಾಕ್‌ನಲ್ಲಿ 10,000 ಬಿಂದು. ಹಿರೇಬೆಣಕಲ್‌ನಲ್ಲಿ ನೂರಾರು ಶಿಲಾಸಮಾಧಿಗಳಿವೆ. ಒಂದೊಂದಕ್ಕೂ ವೇಪಾಯಿಂಟ್ ಹಾಕಿದರೆ ಒಂದೇ ನೆಲೆ 2000ದಲ್ಲಿ ದೊಡ್ಡ ಪಾಲನ್ನು ನುಂಗುತ್ತದೆ. ಟ್ರ್ಯಾಕನ್ನು ಸೆಕೆಂಡಿಗೊಂದು ಬಿಂದುವಿನಂತೆ ದಾಖಲಿಸಿದರೆ 10,000 ಬಿಂದು 2 ಗಂಟೆ 46 ನಿಮಿಷಕ್ಕೇ ತುಂಬುತ್ತದೆ. 10 ಸೆಕೆಂಡಿಗೊಂದರಂತೆ ಇಟ್ಟರೆ 27 ಗಂಟೆಗಿಂತ ಹೆಚ್ಚು ಬರುತ್ತದೆ. ತುಂಬಿದ ಟ್ರ್ಯಾಕನ್ನು ತಾನಾಗಿ ಕಡತಕ್ಕೆ ಇಳಿಸುವ ಆಯ್ಕೆ ಇದೆ, ಅದನ್ನು ದಿನಕ್ಕೊಮ್ಮೆ ಎಂದು ಇಟ್ಟುಕೊಳ್ಳಿ. ಇಷ್ಟೆಲ್ಲ ಬಿಂದುಗಳ ಕಡತವೂ ಕೆಲವೇ ಎಂಬಿ ಆಗುತ್ತದೆ, ಅಲ್ಲಿಯೂ ಜಿಬಿಯ ಪ್ರಶ್ನೆ ಬರುವುದಿಲ್ಲ. ಊರಿಗೆ ಮರಳಿದ ದಿನವೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಯಂತ್ರದಲ್ಲಿ ಮುಂದಿನ ಕೆಲಸಕ್ಕೆ ಬೇಕಾದುದನ್ನು ಮಾತ್ರ ಉಳಿಸಿಕೊಳ್ಳುವ ಶಿಸ್ತು ಬೇಕು.

ಇದಕ್ಕೆ ಸೇರಿದ ಇನ್ನೊಂದು ಮಾತು. ನೆಲೆಯನ್ನು ಯುಟಿಎಂ (ಡಿಗ್ರಿಯ ಬದಲು ಮೀಟರಿನಲ್ಲಿ ನೆಲೆ ಹೇಳುವ ಪದ್ಧತಿ) ಅಂಕಿಗಳಲ್ಲಿ ಬರೆಯುವವರು ವಲಯದ ಅಕ್ಷರವನ್ನು ಗಮನಿಸಬೇಕು. ಮೂರೂ ಜಿಲ್ಲೆಗಳು 43ನೆಯ ವಲಯದಲ್ಲಿವೆ, ಆದರೆ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಪಟ್ಟಿಯ ಅಕ್ಷರ ಪಿ ಇಂದ ಕ್ಯೂ ಆಗುತ್ತದೆ. ಈ ಗೆರೆ ರಾಯಚೂರು ಜಿಲ್ಲೆಯ ನಡುವೆಯೇ ಹಾಯುತ್ತದೆ. ಸಿಂಧನೂರು, ಮಸ್ಕಿ 43ಪಿಯಲ್ಲಿ, ರಾಯಚೂರು ಮತ್ತು ದೇವದುರ್ಗ 43ಕ್ಯೂದಲ್ಲಿ. ಡೇಟಮ್ ಎಂಬುದನ್ನು, ಅಂದರೆ ನೆಲೆಯ ಅಂಕಿಗಳನ್ನು ಅಳೆಯುವ ಆಧಾರವನ್ನು, ಡಬ್ಲ್ಯೂಜಿಎಸ್ 84ಕ್ಕೇ ಇಡಿ. ಓಪನ್ ಸೀರೀಸ್ ಶೀಟುಗಳು ಅದರಲ್ಲಿಯೇ ಇವೆ. ಅಜ್ಜನ ಕಾಲದ ಟೋಪೋಶೀಟು ಸಿಕ್ಕಿದರೆ ಅದು ಎವರೆಸ್ಟ್ ಡೇಟಮ್‌ನಲ್ಲಿರುತ್ತದೆ, ಅದನ್ನು ಕ್ಯೂಜಿಐಎಸ್‌ನಲ್ಲಿ ಪರಿವರ್ತಿಸದೆ ಯಂತ್ರಕ್ಕೆ ಹಾಕಿದರೆ ಗುಡಿ ಪಕ್ಕದ ಹೊಲಕ್ಕೆ ಸರಿದಿರುತ್ತದೆ.

ದರೋಜಿ ಹಕ್ಕಿ (ಬಳ್ಳಾರಿ)

ಮೇಡಂ ಹೇಳಿದ ಶಿಸ್ತಿಗೆ ನನ್ನದೊಂದು ಕಳಕಳಿಯನ್ನು ಸೇರಿಸುತ್ತೇನೆ. ಬೆಲೆಬಾಳುವ ನೆಲೆಗಳ ವೇಪಾಯಿಂಟ್‌ಗಳನ್ನು ಯಂತ್ರದಲ್ಲಿ ಬಿಟ್ಟು ಯಂತ್ರವನ್ನು ಕೈಯಿಂದ ಕೈಗೆ ಕೊಡಬೇಡಿ. ಅವುಗಳ ಅಂಕಿಗಳನ್ನು ಸಾರ್ವಜನಿಕವಾಗಿ ಹಂಚಲೂ ಬೇಡಿ. ನಿಧಿಗಳ್ಳರು ಕಿತ್ತು ಹಾಕಿದ ಸಮಾಧಿಗಳನ್ನು ಕಂಡವರಿಗೆ ಈ ಸಂಕಟ ಗೊತ್ತಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ದಾರಿ, ಕೆರೆ, ಊರ ಹೆಸರುಗಳನ್ನು ಧಾರಾಳವಾಗಿ ಸೇರಿಸಿ. ನಮ್ಮ ಸೀಮೆಯಲ್ಲಿ ಇನ್ನೂ ಖಾಲಿ ಇರುವ ಜಾಗ ಬಹಳ, ನೀವು ಇಂದು ಸೇರಿಸಿದ ಬಂಡಿದಾರಿ ಮುಂದಿನ ಸಲ ಇಳಿಸಿಕೊಂಡ ನಕ್ಷೆಯಲ್ಲಿ ನಿಮ್ಮ ಯಂತ್ರಕ್ಕೇ ಬರುತ್ತದೆ. ಕಾವಲಿಲ್ಲದ ಸಮಾಧಿಗಳನ್ನು ಮಾತ್ರ ಅಲ್ಲಿ ಗುರುತಿಸಬೇಡಿ.

ಮೋರೇರ ಮನೆ (ಗಂಗಾವತಿ)

ಈ ಕಳಕಳಿ ನಮ್ಮದೂ ಹೌದು, ನಮ್ಮ ವಹಿಯಲ್ಲಿ ಅಂಕಿಗಳ ಪುಟ ಬೇರೆಯಾಗಿಯೇ ಇದೆ.

ಎಲ್ಲರ ಮಾತುಗಳನ್ನೂ ಗೆಳೆಯರಿಗೆ ಓದಿ ಹೇಳಿದೆ. 22ಎಕ್ಸ್ ಕೊಳ್ಳುವುದು, ಉಳಿದ ಹಣದಲ್ಲಿ ಚಾರ್ಜ್ ಮಾಡುವ ಸೆಲ್‌ಗಳನ್ನು ಮತ್ತು ಎರಡು ಮೆಮೊರಿ ಕಾರ್ಡ್‌ಗಳನ್ನು ತರುವುದು ಎಂದು ತೀರ್ಮಾನವಾಗಿದೆ. ಕುಷ್ಟಗಿಯ ಸರ್ ಒಪ್ಪಿದರೆ 60ಸಿಎಸ್‌ಎಕ್ಸ್ ಯಂತ್ರವನ್ನು ಎರಡನೆಯ ತಂಡಕ್ಕೆ ಎರವಲು ಪಡೆಯುತ್ತೇವೆ. ದರೋಜಿಯವರು ಹೇಳಿದ 65ನ್ನು ಶಿಲಾಸಮಾಧಿಗಳ ನಕ್ಷೆ ಮಾಡುವ ಹಂತ ಬಂದಾಗ ಮತ್ತೆ ಯೋಚಿಸುತ್ತೇವೆ.

ಕೊನೆಯದಾಗಿ ಎರಡು ಸಣ್ಣ ಪ್ರಶ್ನೆಗಳು. ಊರ ಹೆಸರುಗಳು ಯಂತ್ರದಲ್ಲಿ ಕನ್ನಡದಲ್ಲಿ ಬರುತ್ತವೆಯೇ? ದಕ್ಷಿಣ ವಲಯದ ನಕ್ಷೆ ಮತ್ತು ಕಂಟೂರ್ ನಕ್ಷೆ ಎರಡನ್ನೂ ಒಂದೇ ಕಾರ್ಡಿನಲ್ಲಿ ಇಡಬಹುದೇ?

ಹಳೇ ಸರಪಳಿ (ಕುಷ್ಟಗಿ)

ಎರವಲು ಏಕೆ, ಇಟ್ಟುಕೊಂಡೇ ಬಳಸಿ ಗುರುಗಳೇ. ದಿನಾಂಕ ಸರಿಯಾಗಿ ತೋರಿಸುತ್ತದೆಯೇ ಎಂದು ಈ ವಾರವೇ ಹೊರಗೆ ಹಿಡಿದು ನೋಡಿ ತಿಳಿಸುತ್ತೇನೆ.

ಸಂಡೂರು ಸಾಲು (ಬಳ್ಳಾರಿ)

ಇ-ಟ್ರೆಕ್ಸ್‌ನ ಪರದೆಯಲ್ಲಿ ಕನ್ನಡ ಲಿಪಿ ಮೂಡುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅನೇಕ ಊರುಗಳಿಗೆ ಕನ್ನಡದ ಹೆಸರೂ ಇಂಗ್ಲಿಷಿನ ಹೆಸರೂ ಇರುತ್ತವೆ. ಎಂಕೆಜಿಮ್ಯಾಪ್ ನಡೆಸುವಾಗ ಇಂಗ್ಲಿಷ್ ಹೆಸರನ್ನು ಮೊದಲು ಆರಿಸುವಂತೆ ಸೂಚನೆ ಕೊಡಿ. ಕೊಡದಿದ್ದರೆ ಕೆಲವು ಊರುಗಳ ಹೆಸರು ಅಳಿಸಿಹೋದಂತೆ ಕಾಣಬಹುದು. ಕನ್ನಡದಲ್ಲೇ ನೋಡಬೇಕೆಂದಾಗ ಮೇಡಂ ಹೇಳಿದ ಮೊಬೈಲ್ ಆ್ಯಪ್‌ಗಳು ಇದ್ದೇ ಇವೆ.

ಎರಡು ನಕ್ಷೆಗಳನ್ನು ಒಂದೇ ಕಾರ್ಡಿನಲ್ಲಿ ಇಡಬಹುದು. ಕಾರ್ಡಿನಲ್ಲಿ ಗಾರ್ಮಿನ್ ಎಂಬ ಫೋಲ್ಡರ್ ಮಾಡಿ, ಎರಡು ಕಡತಗಳಿಗೂ ಬೇರೆಬೇರೆ ಹೆಸರು ಕೊಟ್ಟು ಅದರೊಳಗೆ ಹಾಕಿ. ಎಂಕೆಜಿಮ್ಯಾಪ್‌ನಲ್ಲಿ ತಯಾರಿಸುವಾಗ ಎರಡಕ್ಕೂ ಬೇರೆ ಫ್ಯಾಮಿಲಿ ಸಂಖ್ಯೆ ಕೊಟ್ಟಿರಬೇಕು, ಒಂದೇ ಸಂಖ್ಯೆಯಿದ್ದರೆ ಒಂದನ್ನೊಂದು ಮರೆಮಾಡುತ್ತವೆ. ಕಂಟೂರ್ ನಕ್ಷೆಯನ್ನು ಪಾರದರ್ಶಕ ಎಂದು ಗುರುತಿಸಿದರೆ ರಸ್ತೆಗಳ ಮೇಲೆ ರೇಖೆಗಳು ಹಾಸಿಕೊಳ್ಳುತ್ತವೆ. 60ಸಿಎಸ್‌ಎಕ್ಸ್‌ನಂಥ ಹಳೆಯ ಯಂತ್ರ ಮಾತ್ರ ಜಿಮ್ಯಾಪ್‌ಸಪ್ ಎಂಬ ಹೆಸರಿನ ಒಂದೇ ಕಡತವನ್ನು ಓದುತ್ತದೆ, ಆದ್ದರಿಂದ ಅದಕ್ಕೆ ಎರಡನ್ನೂ ಕೂಡಿಸಿ ಒಂದೇ ಕಡತವಾಗಿ ಮಾಡಿಕೊಡಬೇಕು. ಅಂಗಡಿಗೆ ಹೋಗುವಾಗ ನಕ್ಷೆ ತುಂಬಿದ ಕಾರ್ಡನ್ನು ಜೊತೆಯಲ್ಲೇ ಒಯ್ಯಿರಿ. ಹಣ ಕೊಡುವ ಮೊದಲು ಕಾರ್ಡ್ ಹಾಕಿಸಿ, ನಕ್ಷೆಗಳ ಪಟ್ಟಿಯಲ್ಲಿ ಎರಡೂ ಹೆಸರು ಬರುತ್ತವೆಯೇ, ಹಿರೇಬೆಣಕಲ್ ಗುಡ್ಡದ ಮೇಲೆ ಕಂಟೂರ್ ರೇಖೆ ಕಾಣುತ್ತದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ.